ಆನ್‌ಲೈನ್ ಪದವಿ: ವೇಳಾಪಟ್ಟಿ ಮೊದಲೇ ಕೈಗೆ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೆಲವು ದಿನಗಳ ಹಿಂದೆ ನಿಮ್ಮ ಶಿಕ್ಷಣ ಪುಟದಲ್ಲಿ, ದುಡಿಯುತ್ತಲೇ ಆನ್‌ಲೈನ್‌ನಲ್ಲಿ ಪದವಿ ಓದುವವರು ಸಮಯ ಹೊಂದಿಸಿಕೊಳ್ಳುವುದು ಹೇಗೆ ಎಂಬ ಲೇಖನ ಬಂದಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಏಳಿ, ಓದಿಗೆಂದೇ ಒಂದು ಕೋಣೆ ಇಟ್ಟುಕೊಳ್ಳಿ, ಮೊಬೈಲನ್ನು ದೂರವಿಡಿ ಎಂದು ಅದರಲ್ಲಿ ಹೇಳಿತ್ತು. ಬರೆದವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ದಿನವೂ ಏಳುವುದೇ ನಾಲ್ಕೂವರೆಗೆ, ಕೊಟ್ಟಿಗೆಯ ಸಗಣಿ ಬಾಚಲು. ಓದಿಗೆಂದೇ ಒಂದು ಕೋಣೆ ನಮ್ಮ ಮನೆಯಲ್ಲಿಲ್ಲ. ಇನ್ನು ನನ್ನ ಕಾಲೇಜು ಇರುವುದೇ ಮೊಬೈಲಿನೊಳಗೆ. ಆ ಲೇಖನ ಓದಿದ ರಾತ್ರಿಯೇ ಈ ಕಾಗದ ಬರೆಯಲು ಕೂತೆ. ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 9 ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಊರವರ ಬಾಯಲ್ಲಿ ಅದು ಡೇರಿ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳೂವರೆ ಹಾಲು ಹಾಕಿಸಿಕೊಳ್ಳುವ ಹೊತ್ತು. ಭಾನುವಾರವೂ ಬಾಗಿಲು ತೆಗೆಯಬೇಕು, ಯುಗಾದಿಗೂ ತೆಗೆಯಬೇಕು, ಮಾರನೆಯ ದಿನ ಹೊಸತೊಡಕಿಗೂ ತೆಗೆಯಬೇಕು. ಹಸುವಿನ ಕೆಚ್ಚಲಿಗೆ ರಜೆ ಎಂಬುದಿಲ್ಲ. ಮನೆಯಲ್ಲಿ ಎರಡು ಹಸು, ಒಂದು ಕರು, ಒಂದೂವರೆ ಎಕರೆ ರಾಗಿ ಹೊಲ, ಅತ್ತೆ, ಯಜಮಾನರು, ಪಿಯುಸಿ ಓದುತ್ತಿರುವ ಮಗಳು. ನನಗೆ 39 ವರ್ಷ. ಆನ್‌ಲೈನ್‌ನಲ್ಲಿ ಬಿ.ಕಾಂ. ಓದುತ್ತಿದ್ದೇನೆ, ಈಗ ನಾಲ್ಕನೆಯ ಸೆಮಿಸ್ಟರ್.

ಈ ವಯಸ್ಸಿನಲ್ಲಿ ಯಾಕೆ ಎಂದು ಎಷ್ಟೋ ಜನ ಕೇಳಿದ್ದಾರೆ. ನಾನು ಪಿಯುಸಿ ಮುಗಿಸಿದ್ದು 2004ರಲ್ಲಿ. ಸಂಘದಲ್ಲಿ ರೋಜು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ ಬರೆಯುತ್ತೇನೆ, ಖಾತೆಗಳಿಗೆ ಎತ್ತುತ್ತೇನೆ, ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಪಟ್ಟಿ ಮಾಡುತ್ತೇನೆ. ಆದರೆ ವರ್ಷದ ಕೊನೆಗೆ ಸಂಘದ ಆಸ್ತಿ, ಸಾಲ ತೋರಿಸುವ ಅಡಾವೆ ಪತ್ರಿಕೆ ತಯಾರಾಗುವಾಗ ಲೆಕ್ಕಪರಿಶೋಧಕರು ಹೇಳಿದ ಕಡೆ ಹೇಳಿದ ಅಂಕಿ ಬರೆಯುವುದಷ್ಟೇ ನನ್ನ ಪಾಲಿಗಿತ್ತು. ಮೂರು ವರ್ಷದ ಹಿಂದೆ ವಾರ್ಷಿಕ ಮಹಾಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು, 'ಹೋದ ವರ್ಷ ಕೊಂಡ ತೂಕದ ಯಂತ್ರದ ಬೆಲೆ ಈ ವರ್ಷದ ಪುಸ್ತಕದಲ್ಲಿ ಕಡಿಮೆ ತೋರಿಸಿದ್ದೀರಿ, ಮಿಕ್ಕ ದುಡ್ಡು ಎಲ್ಲಿ ಹೋಯಿತು?' ಎಂದು ಕೇಳಿದರು. ಅದು ಸವಕಳಿ ಎಂದು ಹೇಳಿದೆ. ಸವಕಳಿ ಎಂದರೇನು ಎಂದರು. ನನಗೆ ಬಿಡಿಸಿ ಹೇಳಲು ಬರಲಿಲ್ಲ. ಸಭೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ನೂರಿಪ್ಪತ್ತು ಹೆಂಗಸರ ಹಾಲಿನ ದುಡ್ಡು ಬರೆಯುವ ಕೈ ನನ್ನದು. ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಕೂರಬಾರದು ಎಂದು ಅಂದೇ ಅನ್ನಿಸಿತು.

ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದ್ದನ್ನು ಪತ್ರಿಕೆಯಲ್ಲೇ ಓದಿದ್ದೆ. ಆ ಧೈರ್ಯದ ಮೇಲೆ ಸೇರಿದೆ. ಸೇರುವಾಗ ಫೋನಿನಲ್ಲಿ ಮಾತನಾಡಿದ ಹುಡುಗ, 'ನಿಮಗೆ ಬಿಡುವಾದಾಗ ಓದಿದರೆ ಸಾಕು ಮೇಡಂ' ಎಂದಿದ್ದ. ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೆಕ್ಕ ಹಾಕಿದ್ದು ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋದ ಮೇಲೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೊ) ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ ಎಂದು ಲೆಕ್ಕ. ಪಾಠ ಕೇಳುವುದು, ಓದುವುದು, ನಿಯೋಜಿತ ಕಾರ್ಯ ಬರೆಯುವುದು ಎಲ್ಲವೂ ಅದರಲ್ಲಿ ಸೇರಿದೆ. ನಾನು ಓದುವುದು ಬೇರೆ ವಿಶ್ವವಿದ್ಯಾಲಯದಲ್ಲಾದರೂ ಅದೇ ಅಳತೆಯಲ್ಲಿ ಅಳೆದು ನೋಡಿದೆ. ನನ್ನ ಸೆಮಿಸ್ಟರಿಗೆ ನಾಲ್ಕು ಕ್ರೆಡಿಟ್‌ಗಳ ಐದು ವಿಷಯ, ಒಟ್ಟು 20 ಕ್ರೆಡಿಟ್. ಅಂದರೆ 600 ಗಂಟೆ. ಆರು ತಿಂಗಳ 26 ವಾರಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ, ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷದ ಹತ್ತಿರ. ಹೊಸದಾಗಿ ಸೇರುವವರು ಶುಲ್ಕ ಕಟ್ಟುವ ಮೊದಲು ಈ ಭಾಗಾಕಾರ ಒಂದನ್ನು ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಬೇಕಾದದ್ದು ತಿಳಿಯಿತು. ಇರುವುದೆಷ್ಟು ಎಂದು ತಿಳಿಯಬೇಕಿತ್ತು. ಸಂಘದಲ್ಲಿ ಯಂತ್ರ ಬಂದು ಕಂಪ್ಯೂಟರ್ ಚೀಟಿ ಶುರುವಾದ ಮೇಲೆ ಹಳೆಯ ಹಾಲಿನ ರಿಜಿಸ್ಟರುಗಳು ಖಾಲಿ ಉಳಿದಿದ್ದವು. ಅದರಲ್ಲೊಂದನ್ನು ಮನೆಗೆ ತಂದೆ. ಆ ಪುಸ್ತಕದ ಪ್ರತಿ ಪುಟದಲ್ಲೂ ಬೆಳಿಗ್ಗೆ, ಸಂಜೆ ಎಂದು ಎರಡು ಭಾಗ, ಪ್ರತಿ ಭಾಗದಲ್ಲೂ ಲೀಟರ್, ಫ್ಯಾಟ್ (ಹಾಲಿನ ಕೊಬ್ಬಿನ ಅಂಶ), ದರ ಎಂದು ಕಾಲಂಗಳಿರುತ್ತವೆ. ಸದಸ್ಯರ ಹೆಸರು ಬರೆಯುವ ಕಡೆ ಗಂಟೆ ಬರೆದೆ. ಲೀಟರ್ ಕಾಲಂನಲ್ಲಿ ಓದಿದ ನಿಮಿಷ. ಫ್ಯಾಟ್ ಕಾಲಂನಲ್ಲಿ, ಓದಿದ್ದು ಎಷ್ಟು ತಲೆಗೆ ಹತ್ತಿತು ಎಂಬುದಕ್ಕೆ ಐದರೊಳಗೆ ಒಂದು ಅಂಕ. ಹಾಲು ಹಾಕುವ ಯಾವ ಹೆಂಗಸಿಗಾದರೂ ಗೊತ್ತು, ಕ್ಯಾನು ತುಂಬಿದ ಮಾತ್ರಕ್ಕೆ ದುಡ್ಡು ಬರುವುದಿಲ್ಲ, ಫ್ಯಾಟ್ ಬರಬೇಕು. ಪ್ರತಿ ದಿನ ಮಲಗುವ ಮೊದಲು ಪುಸ್ತಕದ ಅಂಚಿನಲ್ಲಿ ಆ ದಿನದ ಮೊತ್ತ ಹಾಕುತ್ತಿದ್ದೆ.

ಒಂದು ವಾರ ಬರೆದ ಮೇಲೆ ಮೊತ್ತ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಿಂತಿತು. ಬೇಕಾದದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಫ್ಯಾಟ್ ಕಾಲಂ ಹೇಳಿತು. ರಾತ್ರಿ ಹತ್ತರ ಮೇಲೆ ನಾನು ಹೆಚ್ಚು ನಿಮಿಷ ಕೂರುತ್ತಿದ್ದೆ, ಆದರೆ ಆ ಹೊತ್ತಿನ ಅಂಕ ಒಂದು ದಿನವೂ ಎರಡು ದಾಟಲಿಲ್ಲ. ಮರುದಿನ ಅದೇ ಪುಟವನ್ನು ಮತ್ತೆ ಓದಿದ್ದು ಅದೇ ಪುಸ್ತಕದಲ್ಲಿದೆ. ಬೆಳಗಿನ ಜಾವದ್ದೂ ಅಷ್ಟಕ್ಕಷ್ಟೆ, ಓದುತ್ತಿದ್ದರೂ ಕಿವಿ ಕೊಟ್ಟಿಗೆಯ ಕಡೆಗೇ ಇರುತ್ತಿತ್ತು. ನಾಲ್ಕು, ನಾಲ್ಕೂವರೆ ಅಂಕ ಬಿದ್ದದ್ದು ನಾನು ಓದಿನ ಹೊತ್ತೆಂದು ಎಂದೂ ಎಣಿಸಿರದ ಒಂದು ಹೊತ್ತಿಗೆ: ಬೆಳಿಗ್ಗೆ ಒಂಬತ್ತರಿಂದ ಹತ್ತೂಕಾಲು. ಹಾಲಿನ ಗಾಡಿ ಹೋಗಿರುತ್ತದೆ, ಕ್ಯಾನು ತೊಳೆದು ಬೋರಲು ಹಾಕಿರುತ್ತೇನೆ, ನೆಲ ಒಣಗುತ್ತಿರುತ್ತದೆ, ಮನೆಯಿಂದ ಇನ್ನೂ ಯಾರೂ ಕರೆದಿರುವುದಿಲ್ಲ. ಆ ಹೊತ್ತಿನಲ್ಲಿ ನಾನು ಮೊದಲೆಲ್ಲ ಡೇರಿಯ ಕಟ್ಟೆಯ ಮೇಲೆ ಕೂತು ಮಾತನಾಡಿಕೊಂಡು ಆಮೇಲೆ ಮನೆಗೆ ಹೋಗುತ್ತಿದ್ದೆ. ಈಗ ಷಟರ್ ಅರ್ಧ ಇಳಿಸಿ ಒಳಗೇ ಕೂರುತ್ತೇನೆ. ಸಂಘದ ಅಧ್ಯಕ್ಷೆಗೆ ಕೇಳಿಯೇ ಕೂರುವುದು. ವಾರದ ಆರು ದಿನ ಹೀಗೆ ಏಳೂವರೆ ಗಂಟೆ ಸಿಕ್ಕಿತು. ರಾತ್ರಿಯ ಓದನ್ನು ಬಿಟ್ಟು ಮಲಗತೊಡಗಿದೆ. ಯಾವ ಹೊತ್ತು ಯಾರಿಗೆ ಫ್ಯಾಟ್ ಕೊಡುತ್ತದೆ ಎಂಬುದನ್ನು ಅವರವರೇ ಅಳೆದು ನೋಡಬೇಕು. ನಾಲ್ಕೂವರೆಗೆ ಏಳಿ ಎಂದು ಎಲ್ಲರಿಗೂ ಒಂದೇ ಮಾತು ಹೇಳಬೇಡಿ ಎಂದು ಲೇಖನ ಬರೆದವರಲ್ಲಿ ನನ್ನ ವಿನಂತಿ.

ಡೇರಿಯೊಳಗೆ ಕೂತು ಓದಲು ಇನ್ನೊಂದು ಕಾರಣವಿದೆ. ಮಗಳು ಬ್ಯಾಗು ಹೆಗಲಿಗೇರಿಸಿ ಬಸ್ ಹತ್ತಿದರೆ ಅವಳು ಕಾಲೇಜಿಗೆ ಹೋದಳು ಎಂದು ಊರಿಗೆಲ್ಲ ಗೊತ್ತು, ಸಂಜೆಯವರೆಗೆ ಅವಳಿಗೆ ಯಾರೂ ಕೆಲಸ ಹೇಳುವುದಿಲ್ಲ. ನಾನು ನಡುಮನೆಯಲ್ಲಿ ಕೂತು ಮೊಬೈಲು ಹಿಡಿದರೆ ಅದು ಕಾಲೇಜಿನ ಹಾಗೆ ಕಾಣುವುದಿಲ್ಲ, ಸುಮ್ಮನೆ ಕೂತ ಹಾಗೆ ಕಾಣುತ್ತದೆ. ಅತ್ತೆ ಒಳ್ಳೆಯವರು. ಆದರೂ ಮೊದಲ ವರ್ಷ, 'ಹೇಗೂ ಕೂತಿದ್ದೀಯಲ್ಲ, ಇದೊಂದು ಕಾಳು ಬಿಡಿಸಿಬಿಡು' ಎಂದು ಅವರೇಕಾಯಿಯ ಮೊರ ಮುಂದಿಡುತ್ತಿದ್ದರು. ಅವರದ್ದು ತಪ್ಪೆನ್ನಲಾರೆ. ಅವರ ಕಣ್ಣಿಗೆ ಓದು ಎಂದರೆ ಪುಸ್ತಕ. ಆಮೇಲೆ ಒಂದು ದಪ್ಪ ನೋಟ್‌ಪುಸ್ತಕ ಕೊಂಡು, ಪಾಠ ನೋಡುವಾಗಲೆಲ್ಲ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಬರೆಯತೊಡಗಿದೆ. ಎರಡು ವಾರದಲ್ಲಿ ಮೊರ ಬರುವುದು ನಿಂತಿತು. ಈಗ ಸೋಮವಾರ, ಗುರುವಾರ ಸಂಜೆಯ ಮುದ್ದೆ ಸಾರು ಅತ್ತೆ ಮತ್ತು ಮಗಳ ಪಾಲಿನದು, ಸಂಜೆಯ ಮೇವು ಯಜಮಾನರದು. ಇದನ್ನು ಕೇಳಿ ಪಡೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಬೇರೆ ಹೆಣ್ಣುಮಕ್ಕಳು ಅಷ್ಟು ದಿನ ಕಾಯಬೇಡಿ, ಸೇರುವ ದಿನವೇ ಮನೆಯವರನ್ನು ಕೂರಿಸಿಕೊಂಡು ಮಾತನಾಡಿ.

ಇನ್ನೊಂದು ಸಂಗತಿ. ಕೆಲಸ ಮಾಡುತ್ತ ಕಿವಿಯಲ್ಲಿ ಪಾಠ ಕೇಳಿ ಎಂದು ಹೇಳುವವರಿದ್ದಾರೆ. ಅರ್ಥಶಾಸ್ತ್ರ, ವ್ಯವಹಾರ ಕಾನೂನು ಹಾಗೆ ಕೇಳಿದರೆ ಸ್ವಲ್ಪ ಉಳಿಯುತ್ತದೆ, ಮೇವು ಕೊಯ್ಯುವಾಗ ಕೇಳಿದ್ದು ನೆನಪಿದೆ. ಲೆಕ್ಕಶಾಸ್ತ್ರ ಉಳಿಯುವುದಿಲ್ಲ. ಅದಕ್ಕೆ ಕೈಯಲ್ಲಿ ಪೆನ್ನಿರಲೇಬೇಕು. ಖರ್ಚು ಯಾವ ಕಡೆ, ಜಮಾ ಯಾವ ಕಡೆ ಎಂದು ಗೆರೆ ಎಳೆದು ಬರೆಯದೆ ಬರುವ ವಿದ್ಯೆಯಲ್ಲ ಅದು. ಹಾಗಾಗಿ ಒಂಬತ್ತರಿಂದ ಹತ್ತೂಕಾಲನ್ನು ಲೆಕ್ಕಶಾಸ್ತ್ರಕ್ಕೇ ಮೀಸಲಿಟ್ಟಿದ್ದೇನೆ. ಮೊಬೈಲಿನ ದಿನದ ಡೇಟಾದಲ್ಲಿ ಮಿಕ್ಕದ್ದು ರಾತ್ರಿ ಹನ್ನೆರಡಕ್ಕೆ ವ್ಯರ್ಥವಾಗುತ್ತದೆ. ಅದಕ್ಕೆ ಮಲಗುವ ಮೊದಲು ಮಾಳಿಗೆಯ ಮೆಟ್ಟಿಲ ಮೇಲೆ, ಸಿಗ್ನಲ್ ಸಿಗುವ ಮೂಲೆಯಲ್ಲಿ ಫೋನಿಟ್ಟು ಮರುದಿನದ ಪಾಠ ಇಳಿಸಿಕೊಂಡು ಬರುತ್ತೇನೆ.

ಇಷ್ಟು ನಾನು ಮಾಡಬಹುದಾದದ್ದು, ಮಾಡಿದೆ. ನನ್ನ ಕೈಯಲ್ಲಿ ಇಲ್ಲದ್ದನ್ನು ಹೇಳಲೆಂದೇ ಈ ಕಾಗದ.

ನಾನು ಸೇರಿರುವ ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಅಲ್ಲಿ ನೇರ ತರಗತಿಗಳು ವಾರದ ದಿನಗಳಲ್ಲಿ ಸಂಜೆ ಏಳರಿಂದ ಎಂಟೂವರೆ. ಕಚೇರಿ ಮುಗಿಸಿ ಬರುವವರಿಗೆ ಅದು ಒಳ್ಳೆಯ ಹೊತ್ತು. ನನಗೆ ಏಳು ಗಂಟೆಯೆಂದರೆ ಸಾಲು ಇನ್ನೂ ಬಾಗಿಲ ಹೊರಗಿರುವ ಹೊತ್ತು. ಧ್ವನಿಮುದ್ರಿತ ಪಾಠ ನೋಡಿಕೊಳ್ಳಬಹುದಲ್ಲ ಎನ್ನುತ್ತಾರೆ. ಸರಿ, ನೋಡಿಕೊಳ್ಳುತ್ತೇನೆ. ಆದರೆ ಅದನ್ನು ಹಾಕುವುದು ಮೂರು ನಾಲ್ಕು ದಿನದ ನಂತರ. ಆ ತರಗತಿಯ ಮೇಲಿನ ಕಿರುಪರೀಕ್ಷೆ ಮುಚ್ಚುವುದು 48 ಗಂಟೆಗೆ. ಹೋದ ಸೆಮಿಸ್ಟರಿನಲ್ಲಿ ಇಂಥ ಏಳು ಕಿರುಪರೀಕ್ಷೆಗಳನ್ನು ನಾನು ಪಾಠವನ್ನೇ ಕೇಳದೆ, ಪುಸ್ತಕದಲ್ಲಿದ್ದಷ್ಟು ಓದಿ ಬರೆದೆ. ಮಿಂಚಂಚೆ ಕಳುಹಿಸಿದರೆ, ಸಮಯ ನಿರ್ವಹಣೆಯ ಬಗ್ಗೆ ಒಂದು ವಿಡಿಯೊದ ಕೊಂಡಿ ಉತ್ತರವಾಗಿ ಬಂತು. ಪಾಠ ನನ್ನ ಕೈಗೆ ಸೇರುವ ಮೊದಲೇ ಪರೀಕ್ಷೆ ಮುಗಿದರೆ ನಾನು ಯಾವ ಸಮಯವನ್ನು ನಿರ್ವಹಿಸಲಿ?

ನನ್ನ ಸೋದರಮಾವ ಅಂಚೆ ಮೂಲಕ ಬಿ.ಎ. ಮಾಡಿದವರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತ್ತು, ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮಾವನ ಕಾಲದಲ್ಲಿ ಪಾಠದ ಕಂತೆ ಪೋಸ್ಟಿನಲ್ಲಿ ಬರುತ್ತಿತ್ತಂತೆ. ಬಂದ ಕಂತೆಯನ್ನು ಆಲೆಮನೆಯಲ್ಲಿ ಕಬ್ಬು ಅರೆಯುವ ದಿನಗಳಲ್ಲಿ ಹಾಗೇ ಜಂತಿಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ತೆಗೆದು ಓದುತ್ತಿದ್ದೆ ಎಂದು ಹೇಳುತ್ತಾರೆ. ಕಂತೆ ಕಾಯುತ್ತಿತ್ತು. ಬರಲು ತಡವಾಗುತ್ತಿತ್ತು, ಸಂದೇಹ ಕೇಳಲು ಹತ್ತಿರದಲ್ಲಿ ಯಾರೂ ಇರುತ್ತಿರಲಿಲ್ಲ, ಆ ಕಷ್ಟಗಳನ್ನೂ ಅವರೇ ಹೇಳಿದ್ದಾರೆ. ಆದರೂ ಅದು ಓದುವವನಿಗಾಗಿ ಕಾಯುತ್ತಿತ್ತು. ಇಂದು ಕಂತೆಯ ಜಾಗಕ್ಕೆ ಮೊಬೈಲು ಬಂದಿದೆ, ಮೇಷ್ಟ್ರ ಮುಖ ಕಾಣುತ್ತದೆ, ಕೂತಲ್ಲೇ ಪ್ರಶ್ನೆ ಕೇಳಬಹುದು. ಇಷ್ಟೆಲ್ಲ ಸಿಕ್ಕಿರುವಾಗ ಆ ಕಾಯುವ ಗುಣವೊಂದನ್ನು ಯಾಕೆ ಕಳೆದುಕೊಳ್ಳಬೇಕು?

ಪರೀಕ್ಷೆಯ ದಿನಾಂಕದ ಮಾತಂತೂ ಹೇಳಲೇಬೇಕು. ಮೂರನೆಯ ಸೆಮಿಸ್ಟರಿನ ಪರೀಕ್ಷೆ ನವೆಂಬರ್ ಕೊನೆಯ ವಾರ ಎಂದು ಮೊದಲು ತಿಳಿಸಿದ್ದರು. ನಮ್ಮ ಕಡೆ ರಾಗಿ ಕೊಯ್ಲು ಬರುವುದು ಆ ಹೊತ್ತಿಗೇ. ಕೊಯ್ಲನ್ನು ಒಂದು ವಾರ ಮುಂದಕ್ಕೆ ಹಾಕಿಕೊಂಡೆವು, ಆಳುಗಳಿಗೆ ಹೇಳಿಟ್ಟೆವು. ಪರೀಕ್ಷೆಗೆ ಐದು ದಿನ ಇರುವಾಗ ದಿನಾಂಕ ಬದಲಾಗಿ, ಸರಿಯಾಗಿ ಆಳುಗಳು ಬರುವ ವಾರಕ್ಕೆ ಹೋಯಿತು. ತೆನೆ ಬಲಿತ ರಾಗಿಯನ್ನು ಇನ್ನೂ ಒಂದು ವಾರ ಬಿಟ್ಟರೆ ಕಾಳು ಉದುರುತ್ತದೆ. ಮೋಡ ಬೇರೆ ಕಟ್ಟಿತ್ತು. ಯಜಮಾನರು ಏನೂ ಅನ್ನಲಿಲ್ಲ, ಆಳುಗಳ ಜೊತೆ ತಾವೊಬ್ಬರೇ ನಿಂತು ಕೊಯ್ಲು ಮುಗಿಸಿದರು. ನಾನು ಹತ್ತರಿಂದ ಒಂದರವರೆಗೆ ಪರೀಕ್ಷೆ ಬರೆದು, ಎರಡಕ್ಕೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಐದೂವರೆಗೆ ಡೇರಿಯ ಷಟರ್ ಎತ್ತಿದೆ. ಹೀಗೆ ಐದು ದಿನ. ದಿನಾಂಕ ಬದಲಿಸಿದವರಿಗೆ ಅದು ಪರದೆಯ ಮೇಲಿನ ಒಂದು ಸಾಲು. ಓದುವವರ ಕಡೆ ಅದರ ಹಿಂದೆ ಏನೇನು ಕದಲುತ್ತದೆ ಎಂಬುದು ಅವರಿಗೆ ತಿಳಿಯಲಿ ಎಂದೇ ಇಷ್ಟು ಬಿಡಿಸಿ ಬರೆದಿದ್ದೇನೆ. ನನ್ನಂತೆಯೇ ಪಾಳಿಯಲ್ಲಿ ದುಡಿಯುವ ನರ್ಸುಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಬಸ್ ನಿರ್ವಾಹಕರು ಓದುತ್ತಿದ್ದಾರೆ. ಅವರೂ ರಜೆಯನ್ನು ತಿಂಗಳ ಮೊದಲೇ ಕೇಳಬೇಕು.

ಪರೀಕ್ಷೆ ಬರೆದದ್ದು ಮನೆಯಲ್ಲೇ, ಎರವಲು ತಂದ ಲ್ಯಾಪ್‌ಟಾಪಿನಲ್ಲಿ. ಕ್ಯಾಮೆರಾ ನಮ್ಮನ್ನು ನೋಡುತ್ತಲೇ ಇರುತ್ತದೆ, ಇನ್ನೊಂದು ಮುಖ ಕಾಣಬಾರದು. ಎರಡನೆಯ ದಿನ ಅತ್ತೆ, ಹುಡುಗಿ ಬೆಳಗಿನಿಂದ ಏನೂ ಕುಡಿದಿಲ್ಲವೆಂದು ಕಾಫಿ ಲೋಟ ಹಿಡಿದು ಹಿಂದಿನಿಂದ ಬಂದರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು, ಮೂರು ಸಲ ಬಂದರೆ ಪರೀಕ್ಷೆ ನಿಲ್ಲುತ್ತದೆ. ಲೋಟ ತೆಗೆದುಕೊಳ್ಳಲೂ ಆಗದೆ, ಹೋಗಿ ಎನ್ನಲೂ ಆಗದೆ ಪರದೆಯನ್ನೇ ನೋಡುತ್ತ ಕೂತೆ. ಅತ್ತೆ ಲೋಟವನ್ನು ನೆಲದ ಮೇಲಿಟ್ಟು ಸದ್ದಿಲ್ಲದೆ ಹೋದರು. ಕೈ ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ, ಹಲವು ಕಡೆ ಕಂಪ್ಯೂಟರೂ ಬಂದಿದೆ. ಪರೀಕ್ಷೆಯ ವಾರಗಳಲ್ಲಿ ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಕರೆಂಟ್ ಹೋದರೆ ಅರ್ಧ ಗಂಟೆ ತಡೆಯುವ ಯುಪಿಎಸ್ ಇಷ್ಟನ್ನು ಆನ್‌ಲೈನ್ ಓದುವವರಿಗೆ ಮೀಸಲಿಟ್ಟರೆ ಎಷ್ಟೋ ಮನೆಗಳ ಕಷ್ಟ ಕಳೆಯುತ್ತದೆ. ಪಂಚಾಯಿತಿಗೆ ಮನವಿ ಕೊಟ್ಟಿದ್ದೇನೆ. ಗ್ರಾಮೀಣಾಭಿವೃದ್ಧಿ ಇಲಾಖೆಯವರೂ ಇದನ್ನು ಓದಲಿ.

ವಿಶ್ವವಿದ್ಯಾಲಯಗಳಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಸೆಮಿಸ್ಟರ್ ಶುರುವಾಗುವ ದಿನವೇ ತರಗತಿ, ಗಡುವು, ಪರೀಕ್ಷೆ ಮೂರರ ದಿನಾಂಕವೂ ಒಂದು ಹಾಳೆಯಲ್ಲಿ ಸಿಗಲಿ, ಸಿಕ್ಕ ಮೇಲೆ ಬದಲಾಗದಿರಲಿ. ಪಾಠದ ಧ್ವನಿಮುದ್ರಿಕೆ ಮಾರನೆಯ ಬೆಳಿಗ್ಗೆಯೊಳಗೆ ಬರಲಿ, ಅದು ಬಂದ ಮೇಲೆಯೇ ಕಿರುಪರೀಕ್ಷೆಯ ಗಡಿಯಾರ ಶುರುವಾಗಲಿ. ಕಡಿಮೆ ವಿಷಯ ತೆಗೆದುಕೊಂಡು ನಿಧಾನವಾಗಿ ಓದುವ ದಾರಿ ಇದೆಯೆಂಬುದನ್ನು ಸೇರುವಾಗಲೇ ಬಾಯಿಬಿಟ್ಟು ಹೇಳಲಿ. ಇಗ್ನೊದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೂ ಮುಗಿಸಬಹುದು. ನಮ್ಮಲ್ಲೂ ಅಂಥ ಅವಕಾಶವಿದೆ ಎಂದು ನನಗೆ ತಿಳಿದದ್ದು ಮೂರನೆಯ ಸೆಮಿಸ್ಟರಿನಲ್ಲಿ, ಅದೂ ಜೊತೆಗೆ ಓದುವ ಒಬ್ಬರಿಂದ. ಅಲ್ಲಿಯವರೆಗೆ, ಎಲ್ಲ ವಿಷಯ ಒಟ್ಟಿಗೆ ಆಗದಿರುವುದು ನನ್ನ ದಡ್ಡತನವೆಂದೇ ತಿಳಿದಿದ್ದೆ. ಒಂದು ವಿಷಯ ಹೋದ ಫಲಿತಾಂಶವನ್ನು ಮಗಳಿಗೂ ತೋರಿಸಿರಲಿಲ್ಲ. ನಮ್ಮೊಂದಿಗೆ ಸೇರಿದ ಇಬ್ಬರು ಇದೇ ತಿಳಿವಳಿಕೆಯಿಂದ ಮೊದಲ ವರ್ಷವೇ ಓದು ಬಿಟ್ಟರು. ಅವರಿಗೆ ಯಾರಾದರೂ ಹೇಳಿದ್ದರೆ ಇಂದು ನಮ್ಮ ಜೊತೆಗೇ ಇರುತ್ತಿದ್ದರು ಎಂದು ಈಗಲೂ ಸಂಕಟವಾಗುತ್ತದೆ.

ಈ ಸೆಮಿಸ್ಟರಿನಲ್ಲಿ ನಾನು ಐದರಲ್ಲಿ ಮೂರೇ ವಿಷಯ ಕಟ್ಟುತ್ತಿದ್ದೇನೆ. 12 ಕ್ರೆಡಿಟ್, 360 ಗಂಟೆ, ವಾರಕ್ಕೆ ಹದಿನಾಲ್ಕರ ಹತ್ತಿರ. ರಿಜಿಸ್ಟರಿನ ಮೊತ್ತ ಈಗ ಹದಿಮೂರೂವರೆಯಿಂದ ಹದಿನಾಲ್ಕರ ನಡುವೆ ನಿಲ್ಲುತ್ತಿದೆ, ಫ್ಯಾಟೂ ಚೆನ್ನಾಗಿದೆ. ಹೋದ ಸೆಪ್ಟೆಂಬರಿನ ಮಹಾಸಭೆಯಲ್ಲಿ ಅದೇ ಸದಸ್ಯೆಗೆ ಸವಕಳಿ ಎಂದರೇನೆಂದು ಬಿಡಿಸಿ ಹೇಳಿದೆ. ಬಳಸುತ್ತ ಹೋದಂತೆ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯುವುದೇ ಸವಕಳಿ ಎಂದು, ಮುಪ್ಪಾಗುತ್ತ ಹೋಗುವ ಹಸುವಿನ ಬೆಲೆಯನ್ನು ಉದಾಹರಣೆ ಕೊಟ್ಟೆ. 'ಹಂಗಾದರೆ ದುಡ್ಡು ಎಲ್ಲೂ ಹೋಗಿಲ್ಲ ಅನ್ನು' ಎಂದು ಅವರು ಕೂತರು.

ಯುಗಾದಿ ಹತ್ತಿರ ಬಂತು. ಪರೀಕ್ಷೆ ಜೂನಿನಲ್ಲೋ ಜುಲೈನಲ್ಲೋ ಇನ್ನೂ ತಿಳಿಸಿಲ್ಲ. ಮಳೆ ಹಿಡಿದರೆ ಜುಲೈನಲ್ಲಿ ರಾಗಿ ಬಿತ್ತಬೇಕು, ಟ್ರ್ಯಾಕ್ಟರಿಗೆ ಯಾವ ವಾರ ಹೇಳಲಿ ಎಂದು ಯಜಮಾನರು ನಿನ್ನೆಯೂ ಕೇಳಿದರು.

– ಹಾಲು ಸಂಘವೊಂದರ ಕಾರ್ಯದರ್ಶಿ, ನಾಗಮಂಗಲ ತಾಲ್ಲೂಕು